ಸೂರ್ಯನ ಒಡಲಿನ ಕಬ್ಬಿಣ



ರಾಜ್ಯೋತ್ಸವದ ವೇದಿಕೆಯಿಂದ ಸೂರ್ಯನ ಒಡಲಿನ ಮಾತನ್ನು ಎತ್ತಿದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಹಾಡು, ನಾಟಕಗಳ ನಡುವೆ ವಿಜ್ಞಾನಕ್ಕೂ ಒಂದು ಮಣೆ ಹಾಕೋಣವೆಂಬುದು ನಮ್ಮ ಆಸೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಎಂದು ಬೆಳೆಯುವ ನಮ್ಮ ಮಕ್ಕಳು ಇಂಥ ಸಂಗತಿಯನ್ನೂ ಒಮ್ಮೆ ಮನೆಯ ಮಾತಿನಲ್ಲಿ ಕೇಳಲಿ.

ಸೂರ್ಯನ ಮೈಯಿಂದ ಹೊರಟ ಬೆಳಕು ಎಂಟು ನಿಮಿಷ ಚಿಲ್ಲರೆಯಲ್ಲಿ ನಮ್ಮ ಅಂಗಳಕ್ಕೆ ಬೀಳುತ್ತದೆಂದು ಎಲ್ಲರೂ ಬಲ್ಲೆವು. ಆದರೆ ಅವನ ನಡುವಿನಿಂದ ಮೈಯವರೆಗೆ ಬರಲು ಅದಕ್ಕೆ 1,70,000 ವರ್ಷ ಬೇಕೆಂದು 1992ರ ಒಂದು ಲೆಕ್ಕ. ಇಷ್ಟು ತಡವೇಕೆ? ನಡುವಿನಲ್ಲಿ ಒಂದೂವರೆ ಕೋಟಿ ಡಿಗ್ರಿ ಉಷ್ಣತೆ. ಅಲ್ಲಿನ ಅನಿಲ ನೀರಿಗಿಂತ 150 ಪಟ್ಟು ಸಾಂದ್ರ. ಅಂಥ ಬೇಗೆಯಲ್ಲಿ ಪರಮಾಣುಗಳ ಎಲೆಕ್ಟ್ರಾನುಗಳು ಕಳಚಿಹೋಗುತ್ತವೆ. ಈ ಬೆರಕೆಗೇ ಪ್ಲಾಸ್ಮಾ ಎಂದು ಹೆಸರು. ಅದು ಕಿರಣವನ್ನು ನುಂಗುತ್ತದೆ, ಬೇರೆ ದಿಕ್ಕಿಗೆ ಉಗುಳುತ್ತದೆ, ಮತ್ತೆ ನುಂಗುತ್ತದೆ. ಪಂಡಿತರು ಈ ಗುಣವನ್ನು ಅಪಾರದರ್ಶಕತೆ ಎನ್ನುತ್ತಾರೆ. ನಾವು ‘ತಡೆ’ ಎಂದರೆ ಸಾಕು. ನಕ್ಷತ್ರದ ವಯಸ್ಸು, ತೂಕ, ಒಳಗಿನ ಸರಕು ಇವೆಲ್ಲವನ್ನೂ ತಿಳಿಯಲು ಈ ತಡೆಯ ಲೆಕ್ಕ ಬೇಕು. ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪು.

ಲೆಕ್ಕದ ಮೊದಲ ಮೆಟ್ಟಿಲನ್ನು ಕಟ್ಟಿದವರು ನಮ್ಮ ದೇಶದವರೇ. ಯಾವ ಉಷ್ಣತೆ, ಯಾವ ಒತ್ತಡದಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಂಡಿರುತ್ತವೆಂಬುದಕ್ಕೆ ಮೇಘನಾದ ಸಹಾ ಅವರು 1920ರಲ್ಲಿ ಸೂತ್ರ ಕೊಟ್ಟರು. ಅದನ್ನು ಹಿಡಿದೇ 1925ರಲ್ಲಿ ಸಿಸಿಲಿಯಾ ಪೇನ್ ಎಂಬ ತರುಣಿ, ನಕ್ಷತ್ರಗಳಲ್ಲಿ ಬಹುಪಾಲು ಇರುವುದು ಜಲಜನಕವೆಂದು ಕಂಡುಕೊಂಡರು. ಹಿರಿಯರು ಒಪ್ಪಲು ನಾಲ್ಕು ವರ್ಷ ಹಿಡಿಯಿತು!

ಆದರೆ ತಡೆಯ ವಿಷಯದಲ್ಲಿ ಜೋರು ಕಬ್ಬಿಣದ್ದು. ಸೂರ್ಯನಲ್ಲಿ ಲಕ್ಷ ಜಲಜನಕದ ಪರಮಾಣುಗಳಿಗೆ ಕಬ್ಬಿಣದವು ಮೂರೇ ಮೂರು. ಜಲಜನಕಕ್ಕಿದ್ದ ಒಂದೇ ಎಲೆಕ್ಟ್ರಾನು ಬೇಗನೆ ಹೋಗಿಬಿಡುತ್ತದೆ. ಇಪ್ಪತ್ತಾರು ಎಲೆಕ್ಟ್ರಾನುಗಳ ಕಬ್ಬಿಣ ಇಪ್ಪತ್ತು ಲಕ್ಷ ಡಿಗ್ರಿಯಲ್ಲೂ ಕೆಲವನ್ನು ಬಿಗಿಹಿಡಿದಿರುತ್ತದೆ. ಆ ಒಂದೊಂದೂ ತನಗೆ ಒಪ್ಪುವ ಕಿರಣವನ್ನು ನುಂಗಲು ಕಾದಿರುತ್ತದೆ. ಸೂರ್ಯನ ಮೈಯಿಂದ ಸುಮಾರು 2,00,000 ಕಿಲೊಮೀಟರ್ ಒಳಗೆ ಒಂದು ಗಡಿಯಿದೆ. ಅಲ್ಲಿಯವರೆಗೆ ಕಿರಣವಾಗಿ ಬಂದ ಶಕ್ತಿ ಅಲ್ಲಿಂದಾಚೆಗೆ ಕುದಿಯುವ ಎಸರಿನಂತೆ ಉಕ್ಕಿ ಬರುತ್ತದೆ. ಆ ಗಡಿಯಲ್ಲಿನ ತಡೆಯಲ್ಲಿ ಕಾಲು ಭಾಗ ಕಬ್ಬಿಣದ್ದೇ.

ಲೆಕ್ಕದ ತೊಡಕು ಎಲ್ಲಿದೆಯೆಂದರೆ, ಊರಿನ ಹಂಚಿನ ಮಾಡನ್ನು ನೆನೆಯಿರಿ. ನೂರು ಹಂಚು ಗಟ್ಟಿಯಿದ್ದು ಎರಡು ಒಡೆದಿದ್ದರೆ, ಒಳಗೆ ಬೀಳುವ ನೀರಿನ ಲೆಕ್ಕ ಆ ಎರಡರದೇ. ಹಾಗೆಯೇ ಕಿರಣಗಳು ಸೋರಿ ಬರುವುದು ನುಂಗುವ ರೇಖೆಗಳ ನಡುವಿನ ಸಂದುಗಳಲ್ಲಿ. ಸಾಂದ್ರ ಪ್ಲಾಸ್ಮಾದಲ್ಲಿ ನೆರೆಯ ಕಣಗಳ ನೂಕಾಟಕ್ಕೆ ರೇಖೆಗಳು ಅಗಲವಾಗಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಕೋಟಿಗಟ್ಟಲೆ ರೇಖೆಗಳನ್ನು ಎಣಿಸದೆ ಗತಿಯಿಲ್ಲ. ಕೆಲವನ್ನು ಕೈಬಿಟ್ಟರೆ ಇಲ್ಲದ ಸಂದು ಇದ್ದಂತೆ ತೋರುತ್ತದೆ.

ಆದದ್ದೂ ಹಾಗೆಯೇ. ಉಬ್ಬಿ ಕುಗ್ಗುವ ಸೆಫೀಡ್ ನಕ್ಷತ್ರಗಳ ತೂಕ ಒಂದು ಬಗೆಯಲ್ಲಿ ನೋಡಿದರೆ ಒಂದು, ಇನ್ನೊಂದು ಬಗೆಯಲ್ಲಿ ನೋಡಿದರೆ ಇನ್ನೊಂದು ಬರುತ್ತಿತ್ತು. ಭಾರವಾದ ಧಾತುಗಳ ತಡೆಯನ್ನು ಎರಡು ಮೂರು ಪಟ್ಟು ಕಡಿಮೆ ಹಿಡಿದಿದ್ದೀರಿ, ಮತ್ತೆ ನೋಡಿರೆಂದು 1982ರಲ್ಲಿ ನಾರ್ಮನ್ ಸೈಮನ್ ಬಿನ್ನವಿಸಿಕೊಂಡರು. ಅಮೆರಿಕದ ಲಿವರ್‌ಮೋರಿನಲ್ಲಿ ರಾಜರ್ಸ್ ಮತ್ತು ಇಗ್ಲೇಸಿಯಸ್, ಲಂಡನ್ನಿನ ಸೀಟನ್ ಅವರ ಮುಂದಾಳುತನದಲ್ಲಿ ಇನ್ನೊಂದು ತಂಡ, ಬೇರೆ ಬೇರೆಯಾಗಿ ಎಣಿಸಿದರು. ಕೈಬಿಟ್ಟುಹೋಗಿದ್ದ ಕಬ್ಬಿಣದ ರೇಖೆಗಳು ಸಿಕ್ಕವು. ತೂಕದ ಜಗಳ ಬಹುಮಟ್ಟಿಗೆ ಹರಿಯಿತು. ಇಂಥ ಬಿನ್ನಹಕ್ಕೆ ಕಿವಿಗೊಡುವವರು ಸಿಕ್ಕುವುದೇ ಅಪರೂಪ.

ಇನ್ನೊಂದು ಜಗಳ ಮಾತ್ರ ಉಳಿದಿದೆ. ಸೂರ್ಯನಲ್ಲಿ ಆಮ್ಲಜನಕ ಮೊದಲೆಣಿಸಿದ್ದಕ್ಕಿಂತ ಕಡಿಮೆಯೆಂದು 2000ದ ನಂತರ ಕಂಡುಬಂತು. ಹಾಗೆ ಕಡಿಮೆ ಹಿಡಿದರೆ ಲೆಕ್ಕದ ಸೂರ್ಯನೂ ನಿಜವಾದ ಸೂರ್ಯನೂ ಹೊಂದುವುದಿಲ್ಲ. ಸೂರ್ಯನ ಕಂಪನಗಳನ್ನು ಓದಿ ಇದನ್ನು ಸ್ಪಷ್ಟವಾಗಿ ತೋರಿಸಿದವರಲ್ಲಿ ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಎಚ್. ಎಂ. ಅಂಟಿಯಾ ಮತ್ತು ಅವರೊಡನೆ ದುಡಿದ ಸರ್ಬಾನಿ ಬಸು ಮುಖ್ಯರು. ಗಡಿಯ ಬಳಿ ತಡೆ ನೂರಕ್ಕೆ ಹದಿನೈದರಷ್ಟು ಹೆಚ್ಚಿದ್ದರೆ ಎಲ್ಲ ಸರಿಹೋದೀತೆಂದು ಅಂದಾಜು.

ಹಾಗಾದರೆ ಅಳೆದೇ ನೋಡೋಣವೆಂದು ಅಮೆರಿಕದ ಸ್ಯಾಂಡಿಯಾ ಪ್ರಯೋಗಶಾಲೆಯಲ್ಲಿ ಜಿಮ್ ಬೈಲಿ ಮತ್ತು ಸಂಗಡಿಗರು ಕಬ್ಬಿಣದ ಚೂರನ್ನು ‘ಝಡ್’ ಯಂತ್ರದ ಕ್ಷಕಿರಣಗಳಿಂದ ಇಪ್ಪತ್ತು ಲಕ್ಷ ಡಿಗ್ರಿಯವರೆಗೆ ಕಾಯಿಸಿದರು. 2015ರಲ್ಲಿ ಫಲ ಪ್ರಕಟವಾಯಿತು. ತರಂಗದೂರಕ್ಕೆ ತಕ್ಕಂತೆ ಕಬ್ಬಿಣದ ತಡೆ ಲೆಕ್ಕಕ್ಕಿಂತ ನೂರಕ್ಕೆ 30ರಿಂದ 400ರವರೆಗೆ ಹೆಚ್ಚು! ಅದನ್ನು ನಂಬುವುದಾದರೆ ಸೂರ್ಯನ ಕೊರತೆಯಲ್ಲಿ ಸುಮಾರು ಅರ್ಧ ತುಂಬುತ್ತದೆ. ನಂಬುವುದೋ ಬಿಡುವುದೋ? ಅಲ್ಲಿಯೇ ಕ್ರೋಮಿಯಮ್, ನಿಕ್ಕಲ್‌ಗಳನ್ನೂ ಅಳೆದು 2019ರಲ್ಲಿ ಪ್ರಕಟಿಸಿದರು. ಕಿರಿಯ ತರಂಗಗಳಲ್ಲಿ ಆ ಎರಡೂ ಲೆಕ್ಕಕ್ಕೆ ಹೊಂದಿದವು, ಕಬ್ಬಿಣ ಹೊಂದಲಿಲ್ಲ. ಲಿವರ್‌ಮೋರಿನವರು ತಮ್ಮ ಲೇಸರುಗಳಿಂದ ಇನ್ನೊಂದು ಬಗೆಯಲ್ಲಿ ಅದೇ ಕಬ್ಬಿಣವನ್ನು ಕಾಯಿಸಿ ನೋಡುವ ಕೆಲಸ ಹಿಡಿದಿದ್ದಾರೆ.