ಖಾಡಿಯ ಅತಿಥಿಗಳು



ನಮ್ಮ ಐರೋಲಿಯ ಮಗ್ಗುಲಿನ ಠಾಣೆ ಖಾಡಿಯು 2015ರಲ್ಲಿ ರಾಜಹಂಸಗಳ (ಫ್ಲೆಮಿಂಗೋ) ಅಭಯಾರಣ್ಯವಾಗಿ, 2022ರಲ್ಲಿ ರಾಮ್‌ಸಾರ್ ಪಟ್ಟಿಯನ್ನು ಸೇರಿತು. ಚಳಿಗಾಲದಲ್ಲಿ ಆಗಮಿಸುವ ಈ ಅತಿಥಿಗಳು ಕೊಕ್ಕನ್ನು ತಲೆಕೆಳಗಾಗಿಸಿ ಕೆಸರುನೀರನ್ನು ಸೋಸಿ, ಪಾಚಿಯನ್ನೂ ಸಣ್ಣ ಜಲಜೀವಿಗಳನ್ನೂ ತಿನ್ನುತ್ತವೆ; ಅವುಗಳ ಗುಲಾಬಿ ವರ್ಣವೂ ಆ ಆಹಾರದಿಂದಲೇ. ನಾವು ಮೂಗು ಮುಚ್ಚಿಕೊಳ್ಳುವ ಕೆಸರೇ ಅವುಗಳ ಊಟದ ಎಲೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರು ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ಬಂದ ಮನೆಮಗಳಂತೆ ಕಾಣುತ್ತಾರೆ. ನಾನಾದರೋ ವರ್ಷಗಟ್ಟಲೆ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲಸಮೇತ ಖಾಡಿಗೆ ಎಸೆದವನು. ರೈಲ್ವೆಯಲ್ಲಿ ಮೋರಿ ಕಟ್ಟಿಕೊಳ್ಳದಂತೆ ಕಾದವನಿಗೆ ಇಷ್ಟು ಹೊಳೆಯಲಿಲ್ಲ! ಈಗ ದೇವರ ಹೂವು, ತುಳಸಿ ನಮ್ಮ ಬಾಲ್ಕನಿಯ ಕುಂಡದಲ್ಲೇ ಗೊಬ್ಬರವಾಗುತ್ತಿವೆ. ಅಲ್ಲಿ ಅರಳುವ ದಾಸವಾಳಕ್ಕೆ ಬೆಳಿಗ್ಗೆ ಸೂರಕ್ಕಿಯ ಜೋಡಿಯೊಂದು ಬರುತ್ತಿದೆ.