ಡಬ್ಬಿ ಸೇರಿಸಿಯೋ, ಬಿಟ್ಟೋ?

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ನನ್ನ ಉದ್ಯೋಗದ ಬಗ್ಗೆ ಆಡಿದ ಮಾತುಗಳ ಬರಹರೂಪ)



“ಆಫೀಸಿನಲ್ಲಿ ನೀನು ಏನು ಮಾಡ್ತೀಯಮ್ಮಾ?” ಎಂದು ನಮ್ಮ ಅತ್ತೆ ಇಂದಿಗೂ ಕೇಳುತ್ತಾರೆ. “ಬೇರೆ ಬೇರೆ ಕಂಪನಿಯ ನೆಟ್‌ವರ್ಕ್ ಪೆಟ್ಟಿಗೆಗಳು ಹೊಂದಿಕೊಂಡು ಕೆಲಸ ಮಾಡ್ತಾವಾ ಅಂತ ನೋಡ್ತೀನಿ” ಅಂದರೆ, “ಅಂದ್ರೆ ಜಾತಕ ನೋಡೋದು” ಅನ್ನುತ್ತಾರೆ. ಅಲ್ಲ ಅತ್ತೆ, ಜಾತಕ ಕೂಡಿದ ಮೇಲೆ ಸಂಸಾರ ಹೇಗೆ ನಡೆಯುತ್ತೆ ಅಂತ ನೋಡೋದು!

ಒಂದು ದೊಡ್ಡ ಕಟ್ಟಡದಲ್ಲಿ ಸ್ವಿಚ್ ಒಬ್ಬರದು, ರೂಟರ್ ಇನ್ನೊಬ್ಬರದು, ಫೈರ್‌ವಾಲ್ ಮತ್ತೊಬ್ಬರದು. ಎಲ್ಲರೂ “ನಮ್ಮದು ಸ್ಟ್ಯಾಂಡರ್ಡ್ ಪ್ರಕಾರವೇ ಇದೆ” ಎನ್ನುತ್ತಾರೆ. ಜೋಡಿಸಿದಾಗ ಮಾತ್ರ ತಕರಾರು. ಇದು ಇಂಟರ್ನೆಟ್ಟಿನಷ್ಟೇ ಹಳೆಯ ಕಥೆ. 1987ರಲ್ಲಿ ಅಮೆರಿಕದ ಜಾನ್ ಪೋಸ್ಟೆಲ್ ಇಂಥ ಪರೀಕ್ಷೆಗಳಿಗೆ ಅಂಕಪಟ್ಟಿಯನ್ನೇ ಪ್ರಕಟಿಸಿದರು. ತನ್ನೊಡನೆ ತಾನೇ ಸಂಪರ್ಕ ಮಾಡಿಕೊಂಡರೆ 1 ಅಂಕ, ಬೇರೆಯವರ ಯಂತ್ರದೊಡನೆ ಮಾಡಿದರೆ 2 ಅಂಕ. ಮಾತನ್ನು ಮರ್ಯಾದೆಯಿಂದ ಮುಗಿಸಿದರೂ ಅಂಕವಿತ್ತು.

ಈಗ ನನ್ನ ತಪ್ಪಿನ ಕಥೆ. ಕೆಲಸಕ್ಕೆ ಸೇರಿದ ಹೊಸತು. ಒಂದು ಆಸ್ಪತ್ರೆಗೆ ಎರಡು ಕಂಪನಿಗಳ ಸ್ವಿಚ್ ಜೋಡಿಸಬೇಕಿತ್ತು. ಲ್ಯಾಬಿನಲ್ಲಿ ಜೋಡಿಸಿದೆ. ದೀಪ ಹಸಿರಾಯಿತು, ಪಿಂಗ್ ಹೋಗಿ ಬಂತು. ಸಂಜೆ ಆರಾಗಿತ್ತು, ಮಗುವನ್ನು ಕ್ರೆಶ್‌ನಿಂದ ಕರೆತರಬೇಕಿತ್ತು. ವರದಿಯಲ್ಲಿ ‘ಪಾಸ್’ ಎಂದು ಬರೆದು ಸಹಿ ಹಾಕಿದೆ.

ವಾರದೊಳಗೆ ಫೋನ್. ಸ್ಕ್ಯಾನಿಂಗ್ ವಿಭಾಗದಿಂದ ಚಿತ್ರಗಳು ವೈದ್ಯರ ಕಂಪ್ಯೂಟರಿಗೆ ಬರುತ್ತಿಲ್ಲ. ಸಂಪರ್ಕ ಆಗುತ್ತದೆ, ಚಿತ್ರ ಅರ್ಧಕ್ಕೂ ಬಾರದೆ ನಿಲ್ಲುತ್ತದೆ. ರೋಗಿಗಳು ಕಾಯುತ್ತಿದ್ದರು, ಸಿಬ್ಬಂದಿ ಸಿ.ಡಿ. ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಎರಡೂ ಕಂಪನಿಯವರು “ತಪ್ಪು ನಮ್ಮದಲ್ಲ” ಎಂದರು. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು.

ಎಥರ್ನೆಟ್ ಸ್ಟ್ಯಾಂಡರ್ಡ್ ಪ್ರಕಾರ ಒಂದು ಕಂತಿನಲ್ಲಿ ಹೋಗುವ ಮಾಹಿತಿ ಹೆಚ್ಚೆಂದರೆ 1500 ಬೈಟ್. ದೊಡ್ಡ ಕಡತಗಳು ಬೇಗ ಹೋಗಲೆಂದು 9000 ಬೈಟಿನ ‘ಜಂಬೋ’ ಕಂತುಗಳನ್ನು ಕಂಪನಿಗಳೇ ರೂಢಿಗೆ ತಂದವು. ಅದು ಸ್ಟ್ಯಾಂಡರ್ಡಿನಲ್ಲಿ ಇಲ್ಲ. ಎರಡೂ ಸ್ವಿಚ್‌ನಲ್ಲಿ ನಾನು 9000 ಎಂದೇ ಹಾಕಿದ್ದೆ. ಆದರೆ ಪ್ರತಿ ಕಂತಿನ ತಲೆಯ ಮೇಲೆ ವಿಳಾಸ ಹೊತ್ತ 14 ಬೈಟ್ ಇರುತ್ತದಲ್ಲ, ಒಂದು ಕಂಪನಿ ಅದನ್ನು ಸೇರಿಸಿ 9000 ಎಂದರೆ, ಇನ್ನೊಂದು ಬಿಟ್ಟು 9000 ಎನ್ನುತ್ತಿತ್ತು. ಮಿಠಾಯಿ ಅಂಗಡಿ ನೆನಪಿಸಿಕೊಳ್ಳಿ. ಒಬ್ಬ ಡಬ್ಬಿ ಸೇರಿಸಿ ಒಂದು ಕಿಲೋ ತೂಗುತ್ತಾನೆ, ಇನ್ನೊಬ್ಬ ಡಬ್ಬಿ ಬಿಟ್ಟು. ಇಬ್ಬರದೂ ಒಂದೇ ಕಿಲೋ! ಪಿಂಗ್ ಪುಟ್ಟದು, ದಾಟಿತು. ತುಂಬಿದ ಕಂತು ಬಂದಾಗ ಆಚೆಯ ಸ್ವಿಚ್ ಸದ್ದಿಲ್ಲದೆ ಎಸೆಯಿತು. ಒಂದು ಸಂಖ್ಯೆ ತಿದ್ದಲು ಎರಡು ನಿಮಿಷ, ಹುಡುಕಲು ಎರಡು ದಿನ.

ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಆ ಸಹಿ ನನ್ನದು. ಅಂದಿನಿಂದ ಚಿಕ್ಕ ಕಂತು, ತುಂಬಿದ ಕಂತು ಎರಡನ್ನೂ ಎರಡೂ ದಿಕ್ಕಿನಿಂದ ಕಳಿಸುತ್ತೇನೆ. ನಡುವೆ ಕೇಬಲ್ ಕೀಳುತ್ತೇನೆ. ಒಂದನ್ನು ಆಫ್ ಮಾಡಿ, ಮತ್ತೆ ಎದ್ದಾಗ ಇನ್ನೊಂದು ಗುರುತಿಸುತ್ತದೆಯೇ ನೋಡುತ್ತೇನೆ. ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ಎರಡೂ ಕಡೆಯ ಲೆಕ್ಕ ತಾಳೆ ಹಾಕುತ್ತೇನೆ. ವರದಿಯ ಮೊದಲ ಪುಟದಲ್ಲಿ ‘ಇವನ್ನು ಪರೀಕ್ಷಿಸಿಲ್ಲ’ ಎಂಬ ಪಟ್ಟಿಯನ್ನೂ ಕೊಡುತ್ತೇನೆ. ಮೊದಮೊದಲು ಮ್ಯಾನೇಜರ್ ಮುಖ ಸಿಂಡರಿಸುತ್ತಿದ್ದರು. ಈಗ ತಂಡದ ಹೊಸ ಹುಡುಗಿಯರು ಕೇಳದೆಯೇ ಆ ಪಟ್ಟಿ ಬರೆಯುತ್ತಾರೆ. ಸಂಜೆ ಆರಾದರೆ “ಮಗುವನ್ನು ಕರ್ಕೊಂಡು ಬಾ, ಸಹಿ ನಾಳೆ ಹಾಕು” ಎಂದು ನಾನೇ ಅವರನ್ನು ಕಳಿಸುತ್ತೇನೆ.

ನಿಮ್ಮ ಮನೆಯ ವೈ-ಫೈ ಪೆಟ್ಟಿಗೆಗೂ ಇದು ಅನ್ವಯಿಸುತ್ತದೆ. 1999ರಲ್ಲಿ ಕಂಪನಿಗಳು ಒಟ್ಟುಗೂಡಿ ಕಟ್ಟಿದ, ಈಗ ವೈ-ಫೈ ಅಲಯನ್ಸ್ ಎನಿಸಿಕೊಂಡಿರುವ ಸಂಸ್ಥೆ, ಹೊಂದಾಣಿಕೆ ಪರೀಕ್ಷಿಸಿ ‘ವೈ-ಫೈ ಸರ್ಟಿಫೈಡ್’ ಎಂಬ ಗುರುತು ಕೊಡುತ್ತದೆ. ಕೊಳ್ಳುವಾಗ ಆ ಗುರುತು ನೋಡಿ. ಅಂಗಡಿಯವರು “ಎಲ್ಲದಕ್ಕೂ ಹೊಂದುತ್ತೆ ಮೇಡಂ” ಎಂದರೆ, “ಯಾವುದರ ಜೊತೆ ಹಾಕಿ ನೋಡಿದ್ದೀರಿ?” ಎಂದು ಕೇಳಿ.