ಬಿಟ್‌ಕಾಯಿನ್ ವಾಯಿದೆ ಯಾರ ಲೆಕ್ಕಕ್ಕೆ?



ಪಾವಗಡ, ಮಧುಗಿರಿ, ಶಿರಾ ಕಡೆಯ ಕಡಲೆಕಾಯಿ ಬೆಳೆಗಾರರಿಗೆ, ಮುಂದೆ ಬರುವ ಮಾಲಿಗೆ ಇವತ್ತೇ ದರ ಮಾತಾಡಿಕೊಳ್ಳುವುದು ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಅದೇ ಮಾತುಕತೆ ಕಾಯಿದೆಯ ಚೌಕಟ್ಟಿನೊಳಗೆ ನಡೆದರೆ ವಾಯಿದೆ ವ್ಯಾಪಾರ. ಡಿರೈವೇಟಿವ್ ಅನ್ನುವ ದೊಡ್ಡ ಕುಟುಂಬದಲ್ಲಿ ಇದೂ ಒಂದು.

2015ರ ಸೆಪ್ಟೆಂಬರ್ 28ರಿಂದ ನಮ್ಮಲ್ಲಿ ಸರಕುಗಳ ವಾಯಿದೆಯನ್ನು ನೋಡಿಕೊಳ್ಳುವುದು ಷೇರು ಪೇಟೆಯ ನಿಯಂತ್ರಕ ಸೆಬಿ. ಮರುವರ್ಷ ಕೇಂದ್ರ ಸರ್ಕಾರ ವಾಯಿದೆ ನಡೆಸಬಹುದಾದ 91 ಸರಕುಗಳ ಪಟ್ಟಿ ಹೊರಡಿಸಿತು. ಕಡಲೆಕಾಯಿ ಅದರಲ್ಲಿದೆ, ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯ ಇಲ್ಲ. 2024ರಲ್ಲಿ ಪಟ್ಟಿ 104ಕ್ಕೆ ಬೆಳೆದಾಗಲೂ ಅದಕ್ಕೆ ಜಾಗ ಸಿಗಲಿಲ್ಲ.

ಅಮೆರಿಕದ ವಾಯಿದೆ ಆಯೋಗ 2015ರಲ್ಲೇ ಬಿಟ್‌ಕಾಯಿನ್ ಒಂದು ಸರಕು ಎಂದುಬಿಟ್ಟಿತು. ಹಾಗಾಗಿ 2017ರ ಡಿಸೆಂಬರಿನಲ್ಲಿ, ದನಕರುಗಳ ವಾಯಿದೆ ನಡೆಯುವ ಶಿಕಾಗೊ ಪೇಟೆಯಲ್ಲೇ ಅದರ ವಾಯಿದೆಯೂ ಶುರುವಾಯಿತು. ಬ್ರಿಟನ್ ತದ್ವಿರುದ್ಧ: ಇಂಥ ಕರಾರನ್ನು ಸಾಮಾನ್ಯ ಗಿರಾಕಿಗಳಿಗೆ ಮಾರಕೂಡದೆಂದು 2021ರ ಜನವರಿಯಲ್ಲಿ ನಿಷೇಧ ತಂದಿತು.

ನಾವೋ, ನಿಯಂತ್ರಕ ಯಾರೆಂದು ತೀರ್ಮಾನಿಸುವ ಮೊದಲೇ ತೆರಿಗೆ ಹಾಕಿದೆವು. ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ನಾಣ್ಯಗಳ ವ್ಯವಹಾರಕ್ಕೆ ಬ್ಯಾಂಕುಗಳು ನೆರವಾಗಬಾರದೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ರದ್ದುಮಾಡಿತು. 2022ರ ಬಜೆಟ್ಟಿನಲ್ಲಿ ಲಾಭದ ಮೇಲೆ ಶೇ. 30 ತೆರಿಗೆ ಬಂತು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಒಂದು ನಾಣ್ಯದಲ್ಲಿ 50,000 ರೂಪಾಯಿ ಗಳಿಸಿ, ಇನ್ನೊಂದರಲ್ಲಿ ಅಷ್ಟೇ ಕಳಕೊಂಡವನ ಕೈಯಲ್ಲಿ ಉಳಿದದ್ದು ಸೊನ್ನೆ. ಕಟ್ಟಬೇಕಾದದ್ದು 15,000, ಮೇಲೆ ಸೆಸ್. ಇದು ನನಗಂತೂ ನ್ಯಾಯವೆನಿಸಿಲ್ಲ.

ಆದರೆ ಆತ ಕೊಂಡದ್ದು ನಾಣ್ಯವಲ್ಲ, ನಾಣ್ಯದ ದರದ ಮೇಲಿನ ಕರಾರು ಅಂತಾದರೆ? 2022ರ ಕಾನೂನು ಅದನ್ನು ಬಿಡಿಸಿ ಹೇಳಲಿಲ್ಲ. ‘ಇದು ನಾಣ್ಯವೇ ಅಲ್ಲ, ಶೇ. 30ರ ತೆರಿಗೆ ತಗಲದು’ ಎಂದು ಇಂಥ ಕರಾರು ಮಾರುವ ಆ್ಯಪ್‌ನವರು ವಾದಿಸುತ್ತಾರೆ. ಅಧಿಕಾರಿ ಒಪ್ಪದಿದ್ದರೆ ನೋಟಿಸು ಬರುವುದು ಗಿರಾಕಿಯ ಮನೆಗೆ.

ಕೊರಟಗೆರೆಯ ಹುಡುಗನೊಬ್ಬ ಮೊಬೈಲಿನಲ್ಲಿ 5,000 ರೂಪಾಯಿ ಕಟ್ಟಿ ಇಂಥ ಕರಾರಿನ 20 ಪಟ್ಟು ವ್ಯವಹಾರಕ್ಕೆ ಇಳಿದ ಅನ್ನಿ. ಅವನ ಪಾಲಿಗೆ ಒಂದು ಲಕ್ಷದ ಕರಾರು. ದರ ಶೇ. 5 ಇಳಿದರೆ ಕಟ್ಟಿದ್ದೆಲ್ಲ ಹೋಯಿತು. ಬಿಟ್‌ಕಾಯಿನ್ ಒಂದೇ ರಾತ್ರಿಯಲ್ಲಿ ಅಷ್ಟು ಇಳಿಯುವುದು ಅಪರೂಪವೇನಲ್ಲ. ಎಷ್ಟು ಪಟ್ಟು ಕೊಡಬಹುದೆಂದು ಗೆರೆ ಎಳೆಯಲು ಒಬ್ಬ ನಿಯಂತ್ರಕ ಬೇಕು. ಯುರೋಪಿನ ನಿಯಂತ್ರಕರು ಕ್ರಿಪ್ಟೊ ದರದ ಮೇಲಿನ ಕರಾರುಗಳಿಗೆ 2018ರಲ್ಲೇ ಎರಡು ಪಟ್ಟಿನ ಮಿತಿ ಹಾಕಿದ್ದರು.

ಷೇರು ದಲ್ಲಾಳಿಯ ಮೇಲೆ ದೂರಿದ್ದರೆ ಸೆಬಿಯ ‘ಸ್ಕೋರ್ಸ್’ ದೂರು ತಾಣ ಇದೆ. ಆನ್‌ಲೈನ್ ಮೋಸವಾಗಿದ್ದರೆ 1930ಕ್ಕೆ ಫೋನ್ ಮಾಡಬಹುದು. ಈ ಹುಡುಗನದು ಎರಡೂ ಅಲ್ಲ. ಆ್ಯಪ್‌ನಲ್ಲಿ ‘ಎಫ್‌ಐಯು ನೋಂದಣಿ ಇದೆ’ ಎಂದು ಬರೆದಿರುತ್ತದೆ. ಇರಬಹುದು; ಎಫ್‌ಐಯು ಅಂದರೆ ಕೇಂದ್ರದ ಹಣಕಾಸು ಗುಪ್ತಚರ ಘಟಕ. 2023ರ ಮಾರ್ಚಿನಿಂದ ಇಂಥ ಸಂಸ್ಥೆಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯಡಿ ಬರುತ್ತವೆ. ಗಿರಾಕಿ ಯಾರು, ದುಡ್ಡು ಎಲ್ಲಿಂದ ಬಂತು ಎಂಬ ವಿಚಾರಣೆ ಅದು. ಹುಡುಗನ 5,000ಕ್ಕೂ ಆ ನೋಂದಣಿಗೂ ಸಂಬಂಧವಿಲ್ಲ.